ದೀಪ ಓದುವವರ ಪಾಲು

ಡಿಸೆಂಬರ್ ಮೂರನೇ ವಾರ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ಸೂರ್ಯ ಮೂಡುವಾಗ ಬೆಳಗಿನ ಹನ್ನೊಂದು ದಾಟಿರುತ್ತದೆ. ಮೂರೂವರೆಗೆಲ್ಲ ಮುಳುಗಿಯೂ ಆಯಿತು. ಉಳಿದ ಇಪ್ಪತ್ತು ಗಂಟೆ ಕತ್ತಲು. ವಿದ್ಯುತ್ತಿಲ್ಲದ ಕಾಲದಲ್ಲಿ, ಉರಿಸಲು ಸೌದೆಯೂ ಸಾಲದ ಆ ದ್ವೀಪದಲ್ಲಿ, ಚಳಿಗಾಲದ ಬದುಕೆಲ್ಲ ನಡೆಯುತ್ತಿದ್ದುದು ಒಂದೇ ಕೋಣೆಯಲ್ಲಿ. ಹುಲ್ಲುಹೆಂಟೆಯ ದಪ್ಪ ಗೋಡೆಗಳ ಮನೆ, ಒಳಗೆ 'ಬಾದ್‌ಸ್ತೋವಾ' ಎನ್ನುವ ಉದ್ದನೆಯ ಕೋಣೆ, ಗೋಡೆಗುಂಟ ಮಂಚಗಳು. ಮಲಗುವುದು, ಉಣ್ಣುವುದು, ಕೂತು ದುಡಿಯುವುದು ಎಲ್ಲ ಆ ಮಂಚಗಳ ಮೇಲೆಯೇ. ಯಜಮಾನ, ಯಜಮಾನಿ, ಮಕ್ಕಳು, ಆಳುಕಾಳು ಒಟ್ಟಿಗೇ ಇರುತ್ತಿದ್ದರು. ದೀಪದಲ್ಲಿ ಮೀನೆಣ್ಣೆಯೋ ಸೀಲ್ ಕೊಬ್ಬಿನ ಎಣ್ಣೆಯೋ. ಬತ್ತಿ ಜೌಗುನೆಲದಲ್ಲಿ ಬೆಳೆಯುವ ಹತ್ತಿಹುಲ್ಲಿನದು. ಎಣ್ಣೆ ದುಬಾರಿ, ಹಾಗಾಗಿ ಬಹಳ ಮನೆಗಳಲ್ಲಿ ಇಡೀ ಕೋಣೆಗೆ ಒಂದೇ ದೀಪ.

ಆ ಕೋಣೆಯಲ್ಲಿ ಸಂಜೆಯ ದುಡಿಮೆಯೆಂದರೆ ಉಣ್ಣೆಯದು. ಅಲ್ಲಿನ ಕುರಿಗೆ ಎರಡು ಪದರದ ಉಣ್ಣೆ. ಹೊರಗಿನ 'ತೋಗ್' ಉದ್ದ, ಒರಟು, ನೀರನ್ನು ಒಳಕ್ಕೆ ಬಿಡದು. ಒಳಗಿನ 'ಥೇಲ್' ಗಿಡ್ಡ, ಮೆತ್ತನೆಯದು, ಮೈಗೆ ಬೆಚ್ಚಗೆ. ಎರಡನ್ನೂ ಕೈಯಲ್ಲೇ ಬಿಡಿಸಿ ಬೇರೆ ಮಾಡಬೇಕು. ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ಹಿಂಜಬೇಕು, ಮತ್ತೊಬ್ಬರು ನೂಲಬೇಕು, ಉಳಿದವರು ಹೆಣೆಯಬೇಕು. 16ನೇ ಶತಮಾನದಲ್ಲಿ ಹೆಣಿಗೆ ಆ ನಾಡಿಗೆ ಬಂದ ಮೇಲೆ ಹೆಂಗಸರು, ಗಂಡಸರು, ಸಣ್ಣ ಮಕ್ಕಳು ಕೂಡ ಕಡ್ಡಿ ಹಿಡಿದರು. ಉಣ್ಣೆಯ ಬಟ್ಟೆ ಅಲ್ಲಿ ಶತಮಾನಗಳ ಕಾಲ ಹಣದ ಬದಲು ಚಲಾವಣೆಯಲ್ಲಿತ್ತು. ಮುಂದೆ ಕಾಲುಚೀಲ, ಕೈಗವಸುಗಳು ಹಡಗು ಹತ್ತಿ ಹೊರದೇಶಗಳಿಗೆ ಹೋದವು.

ನನ್ನನ್ನು ಬಹಳ ಹಿಡಿದಿಟ್ಟದ್ದು ಆ ದೀಪ ಯಾರ ಹತ್ತಿರ ಇರುತ್ತಿತ್ತು ಎಂಬುದು. ಇಷ್ಟು ನವಿರಾದ ಕೆಲಸ ಮಾಡುವವರ ಹತ್ತಿರವೇ ಎಂದು ನಾವಾದರೆ ಹೇಳಿಬಿಡುತ್ತೇವೆ. ಅಲ್ಲ, ಅದು ಓದುವವರ ಪಕ್ಕದಲ್ಲಿ ಉರಿಯುತ್ತಿತ್ತು. ತೋಗ್ ಯಾವುದು, ಥೇಲ್ ಯಾವುದು ಎಂಬುದು ಬೆರಳಿಗೆ ಗೊತ್ತು. ಕುಣಿಕೆ ಜಾರಿದರೂ ಬೆರಳಿಗೇ ಮೊದಲು ತಿಳಿಯುತ್ತದೆ. ಕಣ್ಣು ಬೇಕಾದದ್ದು ಪುಸ್ತಕಕ್ಕೆ. ಹೀಗೆ ಸಂಜೆಯ ಈ ಕೂಟ, 'ಕ್ವೊಲ್ಡ್‌ವಾಕಾ', ಚಳಿಗಾಲದುದ್ದಕ್ಕೂ ದಿನವೂ ನಡೆಯುತ್ತಿತ್ತು. ಒಬ್ಬರು ಹಳೆಯ ಸಾಗಾ ಕಥೆಗಳನ್ನು ಓದುವರು, ಇಲ್ಲವೇ 'ರೀಮುರ್' ಎಂಬ ಪ್ರಾಸಬದ್ಧ ಕಥನಕಾವ್ಯಗಳನ್ನು, ನಮ್ಮ ಗಮಕಿಗಳು ಜೈಮಿನಿ ಭಾರತ ವಾಚಿಸಿದ ಹಾಗೆ, ರಾಗ ಕಟ್ಟಿ ಹೇಳುವರು. ಊರೂರು ತಿರುಗುವ ಹಾಡುಗಾರ ಬಂದರಂತೂ ಊಟ, ಹಾಸಿಗೆ ಎಲ್ಲಕ್ಕೂ ಸ್ವಾಗತ. ಕೊನೆಗೆ ದೇವರ ಓದು; ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ ಹಾಲ್‌ಗ್ರಿಮುರ್ ಪೇತುರ್ಸನ್ ಬರೆದ 50 ಕೀರ್ತನೆಗಳು. ಶಾಲೆಗಳು ಇಲ್ಲವೆನ್ನುವಷ್ಟು ಕಡಿಮೆಯಿದ್ದ ನಾಡಿನಲ್ಲಿ ಮಕ್ಕಳು ಅಕ್ಷರ ಕಲಿತದ್ದೂ ಹೆಚ್ಚಾಗಿ ಇಂಥ ಮನೆಗಳೊಳಗೇ.

ಇದನ್ನೆಲ್ಲ ಬರೀ ಸೊಗಸಾಗಿ ನೋಡಿದರೆ ದುಡಿದವರಿಗೆ ಅನ್ಯಾಯವಾದೀತು. ಕ್ರಿಸ್‌ಮಸ್ಸಿಗೆ ಮುಂಚಿನ ವಾರ ಕೆಲಸ ಮುಗಿಸುವ ಅವಸರದಲ್ಲಿ, ನಿದ್ದೆಗಣ್ಣು ಮುಚ್ಚದಂತೆ ರೆಪ್ಪೆಗೆ ಸಣ್ಣ ಕಡ್ಡಿ ಸಿಕ್ಕಿಸುತ್ತಿದ್ದರೆಂದು ಅಲ್ಲಿನ ಜನಪದ ಹೇಳುತ್ತದೆ. ಹಬ್ಬಕ್ಕೆ ಹೊಸ ಬಟ್ಟೆ ಸಿಗದವರನ್ನು ಹಿಡಿಯುವ ದೈತ್ಯ ಬೆಕ್ಕಿನ ಕಥೆಯೂ ಇದೆ. ಯೋಹಾನ್ನೆಸ್ ಉರ್ ಕೋಟ್ಲುಮ್ ಅವರ 1932ರ ಮಕ್ಕಳ ಪದ್ಯ ಆ ಬೆಕ್ಕನ್ನು ಮನೆಮಾತಾಗಿಸಿತು. ಆಳುಗಳಿಗೆ ಕೂರುವುದೋ ಬಿಡುವುದೋ ಎಂಬ ಆಯ್ಕೆ ಇರಲಿಲ್ಲ. ಆದರೂ ಕೂಲಿಗೆ ಹೆಣೆಯುವ ಹುಡುಗಿಯ ಕಿವಿಗೂ ಯಜಮಾನನ ಕಿವಿಗೂ ಬಿದ್ದ ಕಥೆ ಒಂದೇ. ಮರುದಿನ ಕೊಟ್ಟಿಗೆಯಲ್ಲಿ ಆ ಕಥೆಯ ನಾಯಕನ ಸರಿ ತಪ್ಪುಗಳ ಬಗ್ಗೆ ವಾದ ಹೂಡಲು ಅವಳಿಗೂ ಹಕ್ಕಿತ್ತು. ನನ್ನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ.

20ನೇ ಶತಮಾನದ ಮೊದಲ ದಶಕಗಳಲ್ಲಿ ಜನ ಪಟ್ಟಣ ಸೇರಿದರು, ರೇಡಿಯೊ ಬಂತು, ಕೂಟ ಕರಗಿತು. ಹಾಡುವ ಧಾಟಿಗಳು ಮರೆತುಹೋಗಬಾರದೆಂದು 1929ರಲ್ಲಿ ರೇಕ್ಯಾವಿಕ್‌ನಲ್ಲಿ 'ಇದುನ್' ಸಂಘ ಹುಟ್ಟಿತು. ಹೆಣಿಗೆ ಬೇರೆ ದಾರಿ ಹಿಡಿಯಿತು. ಕುತ್ತಿಗೆಯ ಸುತ್ತ ಚಿತ್ತಾರವಿರುವ 'ಲೋಪಾಪೇಸಾ' ಸ್ವೆಟರ್ ಪ್ರಾಚೀನವೆಂದೇ ಹಲವರ ನಂಬಿಕೆ. ಅದು ರೂಪುಗೊಂಡದ್ದು ಕಳೆದ ಶತಮಾನದ ನಡುಭಾಗದಲ್ಲಿ. ಮನೆಯಲ್ಲಿ ಹೆಣೆಯುವವರು ಮಾರಾಟಕ್ಕಾಗಿ 1977ರಲ್ಲಿ ತಮ್ಮದೇ ಸಂಘ ಕಟ್ಟಿದರು. ರೇಕ್ಯಾವಿಕ್‌ನಲ್ಲಿ ಅದರ ಅಂಗಡಿ ಇದೆ. 2008ರಲ್ಲಿ ಬ್ಯಾಂಕುಗಳು ಮುಳುಗಿ ದೇಶವೇ ತತ್ತರಿಸಿದಾಗ ಬಹಳ ಜನ ಮತ್ತೆ ಕಡ್ಡಿ, ನೂಲು ಹಿಡಿದರು.

ಈಗ ಚಳಿಗಾಲದ ಸಂಜೆ ಕೆಫೆಗಳಲ್ಲಿ, ಗ್ರಂಥಾಲಯಗಳಲ್ಲಿ ಹೆಣೆಯುವವರು ಸೇರುತ್ತಾರೆ. ಬೆಳಕಿಗೆ ಬರವಿಲ್ಲ, ಓದುವವರೂ ಬೇಕಿಲ್ಲ, ಮಾತೇ ಸಾಕು. ಲೋಪಾಪೇಸಾದ ಮೈಯನ್ನೂ ಎರಡು ತೋಳುಗಳನ್ನೂ ಬೇರೆ ಬೇರೆ ಕೊಳವೆಗಳಾಗಿ ಹೆಣೆದು, ಕಂಕುಳಿನ ಮಟ್ಟದಲ್ಲಿ ಮೂರನ್ನೂ ಒಂದೇ ಕಡ್ಡಿಗೆ ಏರಿಸಿಕೊಳ್ಳಬೇಕು. ಅಲ್ಲಿಯವರೆಗೆ ಮಾತಾಡುತ್ತ ಸಾಗಬಹುದು. ಅಲ್ಲಿಂದ ಮೇಲೆ ಬಣ್ಣ ಬದಲಾಗುತ್ತದೆ, ಕುಣಿಕೆಗಳು ಸುತ್ತು ಸುತ್ತಿಗೆ ಕಡಿಮೆಯಾಗುತ್ತವೆ, ಹೊಸಬರ ಲೆಕ್ಕ ತಪ್ಪುವುದೂ ಅಲ್ಲೇ. ಅಂಥ ಅರೆಬರೆ ಸ್ವೆಟರನ್ನು ಚೀಲಕ್ಕೆ ಹಾಕಿಕೊಂಡು, ಗೊತ್ತಿದ್ದವರು ಯಾರಾದರೂ ಇರುತ್ತಾರೆಂದು ಜನ ಈ ಕೂಟಗಳಿಗೆ ಬರುತ್ತಾರೆ.