ಫ್ಯಾಂಟಮ್‌ನ ಒಡೆಯರು ಯಾರು?

ಮುಂದಿನ ಸಂಚಿಕೆಯಲ್ಲಿ ಫ್ಯಾಂಟಮ್ ಮುಖವಾಡ ಕಳಚಿ ಎಲ್ಲರೆದುರು ನಿಂತರೆ ಹೇಗೆ? ಕತೆಗಾರನಿಗೆ ಇಂಥ ಯೋಚನೆ ಬರಬಹುದು. ಆದರೆ ಹಾಗೆ ಬರೆಯುವ ಸ್ವಾತಂತ್ರ್ಯ ಅವನಿಗಿಲ್ಲ. ಪರವಾನಗಿ ಪಡೆದು ತಯಾರಿಸುವ ಕಾಮಿಕ್ಸ್‌ನಲ್ಲಿ ಪಾತ್ರ ಒಬ್ಬರ ಸ್ವತ್ತು, ಬರೆಯುವವರು ಇನ್ನೊಬ್ಬರು. ಕತೆಯ ಸಾರಾಂಶಕ್ಕೂ ಸಂಭಾಷಣೆಗೂ ಚಿತ್ರಕ್ಕೂ ಹಕ್ಕುದಾರರ ಒಪ್ಪಿಗೆ ಬೇಕೆಂಬ ಕರಾರು ಸಾಮಾನ್ಯ. ಅದೇ ಪಾತ್ರದ ಬೊಂಬೆ, ಅಂಗಿ, ಸಿನಿಮಾಗಳೂ ಮಾರಾಟವಾಗಬೇಕಲ್ಲ! ಹಾಗಾಗಿ ನಾಯಕ ಸಾಯುವಂತಿಲ್ಲ, ಮುದುಕನಾಗುವಂತಿಲ್ಲ. ಎಷ್ಟು ಸಾಹಸ ನಡೆದರೂ ಕತೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಕಾದಂಬರಿಗಳನ್ನು ಧಾರಾವಾಹಿ ಮಾಡುವ ನಮಗೂ ಈ ಪಾಡು ಹೊಸದಲ್ಲ.

ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ದುಡಿದವರು. ಅಲ್ಲಿ ಕನ್ನಡದಲ್ಲೂ ಬಂದ ಫ್ಯಾಂಟಮ್, ಅಮೆರಿಕದ ಕಿಂಗ್ ಫೀಚರ್ಸ್ ಸಂಸ್ಥೆಯ ಸ್ವತ್ತು. ಪೈ ಅವರು ಮುಂದೆ ಹೆಸರು ಮಾಡಿದ 'ಅಮರ ಚಿತ್ರ ಕಥೆ'ಯ ಮೊದಲ 10 ಪುಸ್ತಕಗಳೂ ಪಾಶ್ಚಾತ್ಯ ಕತೆಗಳೇ, ಬಂದದ್ದು ಕನ್ನಡದಲ್ಲಿ. 11ನೆಯದು 'ಕೃಷ್ಣ'. ಕೃಷ್ಣನಿಗೆ ಪರವಾನಗಿ ಕೊಡುವ ಕಂಪನಿ ಯಾವುದು? (ಭಕ್ತರ ಕೋಪದ ಮಾತು ಬೇರೆ.)

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ, ಕತೆಯನ್ನು ಚಿತ್ರಗಳಲ್ಲಿ ಹೇಳುವುದನ್ನೂ ರೂಪಾಂತರವೆಂದೇ ಎಣಿಸುತ್ತದೆ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಅವರ ಕಾದಂಬರಿಯನ್ನು ಕಾಮಿಕ್ಸ್ ಮಾಡಿ ಪ್ರಕಟಿಸಲು 2054ರ ಕೊನೆಯವರೆಗೂ ಅನುಮತಿ ಬೇಕು. ಇನ್ನೊಂದು ಮಾತು: ಹಕ್ಕು ಮಾರಿದ ಲೇಖಕನೂ, ತನ್ನ ಗೌರವಕ್ಕೆ ಕುಂದು ತರುವಂತೆ ಕೃತಿಯನ್ನು ವಿರೂಪಗೊಳಿಸಿದರೆ 57ನೆಯ ಕಲಮಿನಡಿ ಪ್ರಶ್ನಿಸಬಹುದು. ಲಕ್ಷ್ಮೀಶನ ಚಂದ್ರಹಾಸನನ್ನು ಬರೆಯಲು ಮಾತ್ರ ಯಾರ ಅಪ್ಪಣೆಯೂ ಬೇಡ.