ಚೀಟಿ ಬರೆಯುವ ಹಕ್ಕು, ತಿಂಗಳ ಸಂಬಳ

ಆಸ್ಪತ್ರೆಯಲ್ಲಿ ದುಡಿಯುವವರ ಸಂಬಳ ಓದು, ಅನುಭವಗಳ ಮೇಲಷ್ಟೇ ನಿಂತಿಲ್ಲ. ಇಂಥದ್ದೇ ರೋಗ ಎಂದು ಯಾರು ಹೇಳಬಹುದು, ಔಷಧ ಚೀಟಿ ಯಾರು ಬರೆಯಬಹುದು, ಯಾರ ಸಹಿ ನಡೆಯುತ್ತದೆ ಎಂಬುದನ್ನು ಗೊತ್ತುಮಾಡುವ ವೃತ್ತಿ ಕಾಯ್ದೆಗಳೂ ಅದನ್ನು ನಿರ್ಧರಿಸುತ್ತವೆ. ಈ ಕಾಯ್ದೆಗಳು ಸಂಬಳ ಇಷ್ಟಿರಬೇಕೆಂದು ಹೇಳುವುದಿಲ್ಲ. ಆದರೂ ವೈದ್ಯರಿಗೂ ದಾದಿಯರಿಗೂ ನಡುವಿನ ಜಾಗದಲ್ಲಿ ನಿಂತವರ ಗಳಿಕೆ ಹೆಚ್ಚಿದ್ದರೂ ಕಡಿಮೆಯಿದ್ದರೂ ಕಾರಣ ಹುಡುಕಿಕೊಂಡು ಹೋದರೆ ಕೊನೆಗೆ ಸಿಗುವುದು ಈ ಕಾಯ್ದೆಗಳೇ.

ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ, ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲಿರುವ ಹೋಬಳಿ ಕೇಂದ್ರ. ಇಂಥ ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೊಂದು ಉಪಕೇಂದ್ರ ಇರಬೇಕೆಂಬುದು ರಾಷ್ಟ್ರೀಯ ಅಳತೆ. ಬಿಪಿ, ಶುಗರ್ ಇರುವವರು ಊರಿನ ಹತ್ತಿರದಲ್ಲೇ ತೋರಿಸಿಕೊಳ್ಳಲೆಂದು ಉಪಕೇಂದ್ರದಲ್ಲಿ ಈಗ ಸಮುದಾಯ ಆರೋಗ್ಯಾಧಿಕಾರಿಯನ್ನು ಕೂರಿಸಲಾಗಿದೆ. ಜನ ಕರೆಯುವುದು ಸಿಎಚ್‌ಒ ಎಂದು. ಅತ್ತ ಬೆಂಗಳೂರು, ಮಣಿಪಾಲದಂಥ ಕಡೆಯ ದೊಡ್ಡ ಆಸ್ಪತ್ರೆಗಳಲ್ಲಿ ಇದೇ ನಡುವಿನ ಜಾಗದಲ್ಲಿರುವವರು ಫಿಸಿಷಿಯನ್ ಅಸಿಸ್ಟೆಂಟ್‌ಗಳು. ಹೆಸರು ಬೇರೆಯಾದರೂ ಇಬ್ಬರ ಇಕ್ಕಟ್ಟು ಒಂದೇ, ಮತ್ತು ಅದು ನೂರು ವರ್ಷಕ್ಕೂ ಹಳೆಯದು.

ವೈದ್ಯರ ಹೆಸರನ್ನು ಸರ್ಕಾರಿ ಪಟ್ಟಿಗೆ ಸೇರಿಸುವ ಕಾಯ್ದೆ ಬಾಂಬೆ ಪ್ರಾಂತ್ಯದಲ್ಲಿ 1912ರಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ 1914ರಲ್ಲಿ ಬಂತು. ಇಂದಿನ ಧಾರವಾಡ, ಬೆಳಗಾವಿ ಮೊದಲನೆಯದರಡಿ, ಬಳ್ಳಾರಿ, ಮಂಗಳೂರು ಎರಡನೆಯದರಡಿ ಇದ್ದವು. ಆಗ ವೈದ್ಯರಲ್ಲೇ ಎರಡು ದರ್ಜೆ. ವೈದ್ಯಕೀಯ ಕಾಲೇಜಿನಲ್ಲಿ ಓದಿದ ಪದವೀಧರರದು ಒಂದು. ವೈದ್ಯಕೀಯ ಶಾಲೆಯಲ್ಲಿ ಅದಕ್ಕಿಂತ ಕಡಿಮೆ ಅವಧಿಯ ತರಬೇತಿ ಪಡೆದ ಲೈಸೆನ್ಸಿಯೇಟರದು ಇನ್ನೊಂದು. ಹಳೆಯ ತಲೆಮಾರು ಎಲ್‌ಎಂಪಿ ಡಾಕ್ಟರು ಎಂದು ಕರೆಯುತ್ತಿದ್ದುದು ಇವರನ್ನೇ. ಸರ್ಕಾರಿ ನೌಕರಿಯಲ್ಲಿ ಪದವೀಧರ ಅಸಿಸ್ಟೆಂಟ್ ಸರ್ಜನ್ ಆದರೆ ಲೈಸೆನ್ಸಿಯೇಟ್ ಸಬ್ ಅಸಿಸ್ಟೆಂಟ್ ಸರ್ಜನ್, ಮತ್ತು ಸಂಬಳದ ಶ್ರೇಣಿ ಒಂದು ಮೆಟ್ಟಿಲು ಕೆಳಗೆ. ಹಳ್ಳಿಗಾಡಿನ ಡಿಸ್ಪೆನ್ಸರಿಗಳು ಬಹುಪಾಲು ನಡೆಯುತ್ತಿದ್ದುದು ಇವರಿಂದಲೇ.

ಮೈಸೂರು ಸಂಸ್ಥಾನದಲ್ಲಿ ಪದವಿ ಕಾಲೇಜು ಶುರುವಾದದ್ದು 1924ರಲ್ಲಿ. ಮೊದಲು ಬೆಂಗಳೂರಿನಲ್ಲಿದ್ದ ಮೈಸೂರು ಮೆಡಿಕಲ್ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. 1933ರ ಭಾರತೀಯ ವೈದ್ಯಕೀಯ ಪರಿಷತ್ ಕಾಯ್ದೆ ಪದವೀಧರರ ಓದನ್ನಷ್ಟೇ ತನ್ನ ವ್ಯಾಪ್ತಿಗೆ ತೆಗೆದುಕೊಂಡು ಲೈಸೆನ್ಸಿಯೇಟರನ್ನು ಹೊರಗಿಟ್ಟಿತು. ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿಯ ಹೊತ್ತಿಗೆ ದೇಶದಲ್ಲಿ ಪದವೀಧರರು ಸುಮಾರು 18,000, ಲೈಸೆನ್ಸಿಯೇಟರು ಸುಮಾರು 30,000. ಇನ್ನು ಮುಂದೆ ಒಂದೇ ಬಗೆಯ, ಪೂರ್ಣ ಪದವಿಯ ವೈದ್ಯರಿರಲಿ ಎಂದು ಸಮಿತಿ ಬಹುಮತದಿಂದ ಶಿಫಾರಸು ಮಾಡಿತು. ಸಂಖ್ಯೆಯಲ್ಲಿ ಹೆಚ್ಚಿದ್ದ ದರ್ಜೆಯನ್ನೇ ಕೈಬಿಡುವ ಈ ತೀರ್ಮಾನಕ್ಕೆ ಸಮಿತಿಯೊಳಗೇ ಭಿನ್ನಮತವಿತ್ತು, ಮತ್ತು ಆ ಭಿನ್ನಮತದಲ್ಲಿ ಹುರುಳಿತ್ತು. ಪದವೀಧರರು ಹಳ್ಳಿಗೆ ಬರುವವರೆಗೆ ಹಳ್ಳಿಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಬಹುಮತದವರ ಬಳಿ ತೃಪ್ತಿಕರ ಉತ್ತರ ಇರಲಿಲ್ಲ.

1956ರ ವೈದ್ಯಕೀಯ ಪರಿಷತ್ ಕಾಯ್ದೆಯ 15ನೇ ಕಲಮು ಮುಂದೆ ಗೆರೆಯನ್ನು ಇನ್ನಷ್ಟು ಬಿಗಿ ಮಾಡಿತು. ರಾಜ್ಯದ ಪಟ್ಟಿಯಲ್ಲಿ ಹೆಸರಿಲ್ಲದವರು ಆಧುನಿಕ ವೈದ್ಯ ವೃತ್ತಿ ನಡೆಸುವಂತಿಲ್ಲ, ಸರ್ಕಾರಿ ವೈದ್ಯರ ಹುದ್ದೆಯಲ್ಲಿ ಇರುವಂತಿಲ್ಲ, ವೈದ್ಯಕೀಯ ಪ್ರಮಾಣಪತ್ರಕ್ಕೆ ಸಹಿ ಹಾಕುವಂತಿಲ್ಲ. ಕರ್ನಾಟಕದ ಪಟ್ಟಿಗೆ 1961ರ ವೈದ್ಯಕೀಯ ನೋಂದಣಿ ಕಾಯ್ದೆ ಆಧಾರ. ನಡುವಿನ ದರ್ಜೆ ಕಾನೂನಿನ ಕಣ್ಣಿಗೆ ಇಲ್ಲವಾಯಿತು.

ಅದೇ ದಶಕಗಳಲ್ಲಿ ಅಮೆರಿಕ ಎದುರು ದಿಕ್ಕಿನಲ್ಲಿ ನಡೆಯಿತು. 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಯೂಜೀನ್ ಸ್ಟೆಡ್ ಅವರು ನೌಕಾದಳದಲ್ಲಿ ವೈದ್ಯಕೀಯ ಸೇವೆ ಮಾಡಿ ಬಂದಿದ್ದ ನಾಲ್ವರನ್ನು ಆರಿಸಿಕೊಂಡು ಫಿಸಿಷಿಯನ್ ಅಸಿಸ್ಟೆಂಟ್ ತರಬೇತಿ ಆರಂಭಿಸಿದರು. ಹಿಂದೆಯೇ ಒಂದೊಂದು ರಾಜ್ಯವೂ ತನ್ನದೇ ಕಾಯ್ದೆ ಮಾಡಿಕೊಂಡಿತು. ಒಬ್ಬ ವೈದ್ಯನ ಕೈಕೆಳಗೆ ಎಷ್ಟು ಮಂದಿ, ಯಾವ ಔಷಧಗಳನ್ನು ಬರೆಯಬಹುದು, ಎಷ್ಟು ಕಡತಗಳಿಗೆ ವೈದ್ಯ ಮರುಸಹಿ ಹಾಕಬೇಕು ಎಂಬ ವಿವರಗಳೆಲ್ಲ ಅವುಗಳಲ್ಲಿ ಬಂದವು. ಸಂಬಳಕ್ಕೂ ಕಾನೂನಿಗೂ ಇರುವ ನಂಟು ಅಲ್ಲಿ ಬಿಲ್ಲಿನಲ್ಲೇ ಕಾಣುತ್ತದೆ. ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್, ಅಸಿಸ್ಟೆಂಟ್ ಮಾಡಿದ ಚಿಕಿತ್ಸೆಗೆ ವೈದ್ಯರ ದರದ ಶೇಕಡಾ 85ರಷ್ಟು ಕೊಡುತ್ತದೆ. 2021ರ ಕೊನೆಯವರೆಗೆ ಆ ಹಣ ಹೋಗುತ್ತಿದ್ದುದು ಕೆಲಸ ಕೊಟ್ಟವರಿಗೆ. 2022ರ ಜನವರಿಯಿಂದ ನೇರವಾಗಿ ಅಸಿಸ್ಟೆಂಟರಿಗೇ ಸಲ್ಲಬಹುದೆಂದು ಕಾನೂನು ಬದಲಾಯಿತು. ತಾನು ಮಾಡಿದ ಕೆಲಸ ತನ್ನ ಹೆಸರಿನಲ್ಲೇ ಲೆಕ್ಕಕ್ಕೆ ಬಂದಾಗ ಸಂಬಳ ಕೇಳುವ ದನಿಗೆ ಬಲ ಬರುತ್ತದೆ. ಹೆಚ್ಚಿನ ತರಬೇತಿ ಪಡೆದ ನರ್ಸುಗಳಾದ ನರ್ಸ್ ಪ್ರಾಕ್ಟೀಷನರ್‌ಗಳನ್ನು ಕುರಿತು 2016ರಲ್ಲಿ ಮಾರಿಸ್ ಕ್ಲೈನರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು. ಸ್ವಂತ ಹೊಣೆಯ ಮೇಲೆ ಕೆಲಸ ಮಾಡಲು ಬಿಟ್ಟ ರಾಜ್ಯಗಳಲ್ಲಿ ಅವರ ಗಳಿಕೆ ಏರಿತ್ತು, ವೈದ್ಯರ ಗಳಿಕೆ ತುಸು ಇಳಿದಿತ್ತು, ಮಕ್ಕಳ ತಪಾಸಣೆಯ ಬೆಲೆಯೂ ತಗ್ಗಿತ್ತು. ಇಂಥ ಕಾಯ್ದೆಗಳ ಸುತ್ತ ವೈದ್ಯ ಸಂಘಗಳ ಹೋರಾಟ ಏಕೆ ಇಷ್ಟು ಬಿರುಸು ಎಂಬುದಕ್ಕೆ ಈ ಮೂರು ಅಂಶಗಳಲ್ಲೇ ಬಹುಪಾಲು ವಿವರಣೆಯಿದೆ.

ಭಾರತಕ್ಕೆ ಫಿಸಿಷಿಯನ್ ಅಸಿಸ್ಟೆಂಟ್ ಕಾಲಿಟ್ಟದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ. ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅದನ್ನು ಆರಂಭಿಸಿದರು. ಮುಂದೆ ಕರ್ನಾಟಕದಲ್ಲೂ ಕೋರ್ಸ್ ತೆರೆಯಿತು. ರೋಗಿಯ ಪೂರ್ವವೃತ್ತ ಬರೆದುಕೊಳ್ಳುವುದು, ಶಸ್ತ್ರಚಿಕಿತ್ಸೆಗೆ ಕೈಜೋಡಿಸುವುದು, ವಾರ್ಡಿನಲ್ಲಿ ಕಣ್ಣಿಡುವುದು, ಡಿಸ್ಚಾರ್ಜ್ ಕಾಗದ ಸಿದ್ಧಪಡಿಸುವುದು ಇವರ ಕೆಲಸ. ಆದರೆ ಬಹುಕಾಲ ಇವರಿಗೆಂದು ಕಾಯ್ದೆಯಾಗಲಿ ಪರಿಷತ್ತಾಗಲಿ ಇರಲಿಲ್ಲ. ಚೀಟಿಗೆ ಸಹಿ ವೈದ್ಯರದು, ಬಿಲ್ಲೂ ವೈದ್ಯರ ಹೆಸರಿನದು. ಹೀಗಿರುವಾಗ ಸಂಬಳ ಆಸ್ಪತ್ರೆಯ ಆಡಳಿತ ಹೇಳಿದಷ್ಟೇ. ನಾಲ್ಕು ವರ್ಷ ಓದಿದವರ ಕೌಶಲಕ್ಕೆ ಇದು ನ್ಯಾಯವಲ್ಲ.

ಸರ್ಕಾರಿ ವ್ಯವಸ್ಥೆಯಲ್ಲಿ ನಡುವಿನ ದರ್ಜೆ ಮರಳಿ ಬಂದದ್ದು 2018ರ ಆಯುಷ್ಮಾನ್ ಭಾರತ್ ಯೋಜನೆಯ ಮೂಲಕ. ಒಂದೂವರೆ ಲಕ್ಷ ಉಪಕೇಂದ್ರ, ಪ್ರಾಥಮಿಕ ಕೇಂದ್ರಗಳನ್ನು ಕ್ಷೇಮ ಕೇಂದ್ರಗಳನ್ನಾಗಿ ಮಾಡುವ ಗುರಿ ಅದರದು. ನರ್ಸಿಂಗ್ ಅಥವಾ ಆಯುರ್ವೇದ ಓದಿ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಪಡೆದವರು ಸಿಎಚ್‌ಒ ಆಗಬಹುದಿತ್ತು. ಸಂಬಳವನ್ನು ಎರಡು ಹೋಳು ಮಾಡಿದ್ದು ಇಲ್ಲಿಯ ವಿಶೇಷ. ಒಂದು ಭಾಗ ನಿಗದಿತ, ಇನ್ನೊಂದು ಭಾಗ ಸಾಧನೆ ನೋಡಿ ಕೊಡುವ ಪ್ರೋತ್ಸಾಹಧನ. ಕೇಂದ್ರದ ಮಾರ್ಗಸೂಚಿ ಎರಡೂ ಸೇರಿ ತಿಂಗಳಿಗೆ 40,000 ರೂಪಾಯಿವರೆಗೆ ಸೂಚಿಸಿತ್ತು. ಕೊಡುವ ಮೊತ್ತ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕರ್ನಾಟಕದಲ್ಲಿ ಇವರು ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು. ಅಭಿಯಾನದ ನೌಕರರು 2023ರ ಆರಂಭದಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತದ್ದು ಸೇವೆ ಕಾಯಂ ಮಾಡಿ ಎಂಬ ಬೇಡಿಕೆಯಿಟ್ಟು.

ಕಾನೂನಿನಲ್ಲಿ ಇವರ ಜಾಗ ಎಲ್ಲಿ ಎಂಬುದು ಬೇರೆಯೇ ಪ್ರಶ್ನೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮು 'ಸಮುದಾಯ ಆರೋಗ್ಯ ಸೇವಾದಾರ'ರಿಗೆ ಸೀಮಿತ ಪರವಾನಗಿಯ ಅವಕಾಶ ಇಟ್ಟಿತು. ಅಂಥವರ ಸಂಖ್ಯೆ ನೋಂದಾಯಿತ ವೈದ್ಯರ ಮೂರನೇ ಒಂದು ಪಾಲು ಮೀರಬಾರದು. ಪ್ರಾಥಮಿಕ ಮತ್ತು ರೋಗ ತಡೆಯುವ ಆರೈಕೆಯಲ್ಲಿ ಗೊತ್ತುಮಾಡಿದ ಔಷಧಗಳನ್ನು ಸ್ವತಂತ್ರವಾಗಿ ಬರೆಯಬಹುದು, ಉಳಿದ ಕಡೆ ವೈದ್ಯರ ಮೇಲ್ವಿಚಾರಣೆ ಬೇಕು. ಭಾರತೀಯ ವೈದ್ಯಕೀಯ ಸಂಘ ಇದನ್ನು ವಿರೋಧಿಸಿ ದೇಶದಾದ್ಯಂತ ಮುಷ್ಕರ ನಡೆಸಿತು. ಕಲಮು ಪುಸ್ತಕದಲ್ಲಿದೆ, ಪರವಾನಗಿ ಕೈಗೆ ಬರಲಿಲ್ಲ. ಆದ್ದರಿಂದ ಉಪಕೇಂದ್ರದ ಸಿಎಚ್‌ಒ ವೈದ್ಯಾಧಿಕಾರಿ ಬರೆದ ಮಾತ್ರೆಯನ್ನು ಮುಂದುವರಿಸುತ್ತಾರೆ, ಸರ್ಕಾರದ ಆನ್‌ಲೈನ್ ವೈದ್ಯ ಸಲಹಾ ಸೇವೆಯಾದ ಇ-ಸಂಜೀವನಿಯಲ್ಲಿ ವೈದ್ಯರನ್ನು ಸಂಪರ್ಕಿಸಿ ರೋಗಿಗೆ ಸಲಹೆ ಕೊಡಿಸುತ್ತಾರೆ.

ಇಂಥ ದರ್ಜೆಯನ್ನು ರಾಜ್ಯವೇ ಕಾಯ್ದೆ ಮಾಡಿ ಸೃಷ್ಟಿಸಬಹುದೇ? ಅಸ್ಸಾಂ 2004ರಲ್ಲಿ ಹಾಗೆ ಮಾಡಿ ಗ್ರಾಮೀಣ ವೈದ್ಯಕೀಯ ಡಿಪ್ಲೊಮಾ ತಂದಿತು. ಗುವಾಹಟಿ ಹೈಕೋರ್ಟ್ ಕಾಯ್ದೆಯನ್ನು ರದ್ದು ಮಾಡಿತು, 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ವೈದ್ಯ ಶಿಕ್ಷಣದ ಮಟ್ಟ ಗೊತ್ತುಮಾಡುವುದು ಸಂಸತ್ತಿಗೆ ಸೇರಿದ್ದು ಎಂಬ ಆ ತೀರ್ಪನ್ನು ಬರೆದವರು ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅಂದಮೇಲೆ ಬೆಂಗಳೂರಿನ ವಿಧಾನಸೌಧ ಮನಸ್ಸು ಮಾಡಿದರೂ ಹಿರೀಸಾವೆಯ ಉಪಕೇಂದ್ರಕ್ಕೆ ತಾನಾಗಿ ಒಂದು ಹೊಸ ವೈದ್ಯ ದರ್ಜೆಯನ್ನು ಕೊಡಲಾಗದು.

ಸಂಬಳವನ್ನೇ ನೇರವಾಗಿ ಮುಟ್ಟಿದ ತೀರ್ಪು ಅದೇ ವರ್ಷದ ಏಪ್ರಿಲ್‌ನಲ್ಲಿ ಬಂತು. ಎಂಬಿಬಿಎಸ್ ವೈದ್ಯರಷ್ಟೇ ವೇತನ ಬೇಕೆಂದು ಗುಜರಾತಿನ ಸರ್ಕಾರಿ ಆಯುರ್ವೇದ ವೈದ್ಯರು ಕೇಳಿದ್ದರು. ತುರ್ತು ಚಿಕಿತ್ಸೆ, ಶಸ್ತ್ರಚಿಕಿತ್ಸೆಗೆ ನೆರವು ಮೊದಲಾದವು ಅವರಿಂದ ಆಗದ ಕೆಲಸ, ಆದ್ದರಿಂದ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ತತ್ತ್ವ ಅನ್ವಯಿಸದು ಎಂದಿತು ಸುಪ್ರೀಂ ಕೋರ್ಟ್. ಕೆಲಸದ ವ್ಯಾಪ್ತಿ ಚಿಕ್ಕದಾದರೆ ವೇತನವೂ ಚಿಕ್ಕದಾಗಬಹುದು ಎಂಬುದನ್ನು ಇಷ್ಟು ಬಿಡಿಸಿ ಹೇಳಿದ ತೀರ್ಪು ವಿರಳ.

ವ್ಯಾಪ್ತಿಯನ್ನು ಮುಟ್ಟದೆ ಸಂಬಳ ಏರಿಸುವ ದಾರಿಯೂ ಉಂಟು. ಸುಪ್ರೀಂ ಕೋರ್ಟಿನ 2016ರ ಆದೇಶದ ಮೇರೆಗೆ ಕೇಂದ್ರ ನೇಮಿಸಿದ ಸಮಿತಿಯೊಂದು ಖಾಸಗಿ ಆಸ್ಪತ್ರೆಯ ನರ್ಸುಗಳ ವೇತನವನ್ನು ಹಾಸಿಗೆಗಳ ಲೆಕ್ಕದಲ್ಲಿ ಸೂಚಿಸಿತು. 200ಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನ ಸಮ, 50ಕ್ಕಿಂತ ಕಡಿಮೆಯಿದ್ದರೂ 20,000 ರೂಪಾಯಿಗೆ ಇಳಿಯಬಾರದು. ಜಾರಿ ರಾಜ್ಯಗಳ ಕೈಯಲ್ಲಿ ಉಳಿಯಿತು. ನರ್ಸುಗಳಿಗೆ ಇದಾದರೂ ದಕ್ಕಿದ್ದು ಅವರಿಗೆ 1947ರಿಂದಲೇ ಒಂದು ಪರಿಷತ್ ಕಾಯ್ದೆ ಇದ್ದುದರಿಂದ, ತಾವು ಯಾರೆಂದು ದಾಖಲೆ ತೋರಿಸಲು ಬರುತ್ತಿದ್ದುದರಿಂದ.

ಫಿಸಿಷಿಯನ್ ಅಸಿಸ್ಟೆಂಟರಿಗೆ ಅಂಥ ದಾಖಲೆಯ ದಾರಿ ತೆರೆದದ್ದು 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ. ಅದರ ಅನುಸೂಚಿಯ ಹತ್ತು ವರ್ಗಗಳಲ್ಲಿ ಒಂದರಲ್ಲಿ ಫಿಸಿಷಿಯನ್ ಅಸೋಸಿಯೇಟ್ ಎಂಬ ಹೆಸರಿನಲ್ಲಿ ಇವರೂ ಇದ್ದಾರೆ. 'ಹೆಲ್ತ್‌ಕೇರ್ ವೃತ್ತಿಪರ' ಎನಿಸಿಕೊಳ್ಳಲು ಮೂರರಿಂದ ಆರು ವರ್ಷದಲ್ಲಿ ಕನಿಷ್ಠ 3,600 ಗಂಟೆಯ ಓದು ಬೇಕು. ಕೇಂದ್ರದಲ್ಲಿ ಆಯೋಗ, ರಾಜ್ಯಗಳಲ್ಲಿ ಪರಿಷತ್ತು, ಎರಡಕ್ಕೂ ಪಟ್ಟಿ ಎಂಬುದು ಏರ್ಪಾಡು. ವೇತನ ನಿಗದಿ ಮಾಡುವ ಅಧಿಕಾರ ಈ ಕಾಯ್ದೆ ಯಾರಿಗೂ ಕೊಟ್ಟಿಲ್ಲ. ಔಷಧ ಬರೆಯುವ ಹಕ್ಕನ್ನೂ ಅದು ತಾನಾಗಿ ಕೊಡುವುದಿಲ್ಲ, ಆ ಗೆರೆ ಈಗಲೂ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೇ ಇದೆ. ನೋಂದಣಿಯಿಲ್ಲದೆ ವೈದ್ಯ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆ, ಇಲ್ಲವೇ ಐದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎನ್ನುತ್ತದೆ ವೈದ್ಯಕೀಯ ಆಯೋಗದ ಆ ಕಾಯ್ದೆಯ 34ನೇ ಕಲಮು.