ಬಣ್ಣವೇ ಸಂದಿ ಹುಡುಕಿಕೊಂಡು ಹೋದಾಗ

ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಬೀಳಗಿಯ ರಸ್ತೆಗಳ ತುಂಬ ಟ್ರ್ಯಾಕ್ಟರ್‌ಗಳದ್ದೇ ಸಾಲು. ಸರಿಯಾಗಿ ನೋಡಿದರೆ ಒಂದು ವ್ಯತ್ಯಾಸ ಕಾಣುತ್ತದೆ. ಟ್ರೇಲರ್‌ನ ವೆಲ್ಡಿಂಗ್ ಸಂದಿಗಳಿಗೆ ಬೇಗ ತುಕ್ಕು ಹತ್ತುತ್ತದೆ. ಎಂಜಿನ್ ಮೇಲಿನ ಬಾನೆಟ್ ವರ್ಷಗಟ್ಟಲೆ ತಾಳುತ್ತದೆ. ಟ್ರೇಲರ್‌ಗೆ ಊರಿನ ವರ್ಕ್‌ಶಾಪಿನಲ್ಲಿ ರೆಡ್ ಆಕ್ಸೈಡ್ ಬಳಿಯುತ್ತಾರೆ. ಬ್ರಷ್ ಹೋಗದ ಕಡೆ ಬಣ್ಣವೂ ಹೋಗದು. ಬಾನೆಟ್ಟಿನಂಥ ತಗಡಿಗಾದರೋ ಅನೇಕ ಕಂಪನಿಗಳು ಮೊದಲ ಪದರವನ್ನು ವಿದ್ಯುತ್ತಿನಿಂದಲೇ ಬೆಳೆಸುತ್ತವೆ. ಕಾರು, ಬೈಕುಗಳಿಗೂ ಇದೇ ಉಪಚಾರ. ಕಾರ್ಖಾನೆಯವರ ಬಾಯಲ್ಲಿ ಇದು ಸಿಇಡಿ ಕೋಟಿಂಗ್.

ತೊಟ್ಟಿಯಲ್ಲಿರುವುದು ಬಹುಪಾಲು ನೀರು, ಜೊತೆಗೆ ಎಪಾಕ್ಸಿ ರಾಳದ ಸೂಕ್ಷ್ಮ ಕಣಗಳು. ತುಸು ಆಮ್ಲ ಬೆರೆಸಿರುವುದರಿಂದ ಕಣಗಳಿಗೆ ಧನ ಆವೇಶ ಬಂದಿರುತ್ತದೆ. ತೊಳೆದು ಫಾಸ್ಫೇಟ್ ಪದರ ಕೊಟ್ಟ ತಗಡನ್ನು ಮುಳುಗಿಸಿ, ಅದನ್ನೇ ಋಣ ಧ್ರುವ ಮಾಡಿ 200-300 ವೋಲ್ಟ್ ಕೊಡುತ್ತಾರೆ. ತಗಡಿನ ಮೈಮೇಲೆ ನೀರು ಒಡೆದು ಹೈಡ್ರೋಜನ್ ಗುಳ್ಳೆ ಏಳುತ್ತದೆ. ಅಲ್ಲಿನ ನೀರು ಕ್ಷಾರವಾಗುತ್ತದೆ. ಹತ್ತಿರ ಬಂದ ಕಣ ಆವೇಶ ಕಳೆದುಕೊಂಡು, ನೀರಿನಲ್ಲಿ ನಿಲ್ಲಲಾರದೆ ಲೋಹಕ್ಕೆ ಅಂಟುತ್ತದೆ.

ಜಾಣತನ ಇರುವುದು ಮುಂದೆ. ಅಂಟಿದ ಪದರ ವಿದ್ಯುತ್ತನ್ನು ತಡೆಯುತ್ತದೆ. ಕಬ್ಬಿನ ಗದ್ದೆಯಲ್ಲಿ ಒಂದು ಸಾಲಿನ ಬಾಯಿ ಕಟ್ಟಿದರೆ ನೀರು ಮುಂದಿನ ಸಾಲಿಗೆ ತಿರುಗುವಂತೆ, ವಿದ್ಯುತ್ತು ಇನ್ನೂ ಬರಿದಾಗಿರುವ ಮೂಲೆ, ಮಡಿಕೆಗಳತ್ತ ಹರಿಯುತ್ತದೆ. ಎರಡು-ಮೂರು ನಿಮಿಷದಲ್ಲಿ ಸುಮಾರು 20 ಮೈಕ್ರಾನ್ ದಪ್ಪಕ್ಕೆ ಬಂದು ಬೆಳವಣಿಗೆ ತಾನಾಗಿ ಕುಂಟುತ್ತದೆ. ಬಳಿಕ 160-180 ಡಿಗ್ರಿ ಶಾಖದಲ್ಲಿ ಬೇಯಿಸಿದರೆ ಪದರ ಗಟ್ಟಿ.

ಇಲ್ಲಿ ರಾಳವೆಂಬ ಪಾಲಿಮರ್ ಮೊದಲೇ ತಯಾರಾಗಿರುತ್ತದೆ. ಲೋಹದ ಮೇಲೆಯೇ ಅದನ್ನು ಹುಟ್ಟಿಸಲೂ ಬರುತ್ತದೆ. 1862ರಲ್ಲಿ ಲಂಡನ್ನಿನ ಹೆನ್ರಿ ಲೆಥೆಬಿ ಅನಿಲಿನ್ ದ್ರಾವಣಕ್ಕೆ ವಿದ್ಯುತ್ತು ಹಾಯಿಸಿದಾಗ ಪ್ಲಾಟಿನಂ ಮೇಲೆ ನೀಲಿ-ಹಸಿರು ಪದರ ಕೂತಿತು. ಅದೇ ಪಾಲಿಅನಿಲಿನ್. ರಬಕವಿ-ಬನಹಟ್ಟಿಯ ನೇಕಾರರಿಗೆ ಹತ್ತಿರವಾಗುವಂತೆ ಹೇಳಬೇಕೆಂದರೆ, ಹತ್ತಿ ನೂಲಿಗೆ ಹಾಕುತ್ತಿದ್ದ ಅನಿಲಿನ್ ಕಪ್ಪೂ ಇದೇ ವಂಶದ್ದು. 1985ರಲ್ಲಿ ಡೆಬೆರಿ ಎಂಬ ವಿಜ್ಞಾನಿ ಪಾಲಿಅನಿಲಿನ್ ಪದರ ಸ್ಟೇನ್‌ಲೆಸ್ ಸ್ಟೀಲನ್ನು ಗಂಧಕಾಮ್ಲದಲ್ಲೂ ಕಾಯುತ್ತದೆಂದು ತೋರಿಸಿದರು. ಆದರೆ ಇದಕ್ಕೆ ಲೋಹ ಧನ ಧ್ರುವವಾಗಬೇಕು. ಸಾದಾ ಕಬ್ಬಿಣವಾದರೆ ಪದರ ಕೂರುವ ಮುಂಚೆಯೇ ಕರಗತೊಡಗುತ್ತದೆ. ಆಕ್ಸಾಲಿಕ್ ಆಮ್ಲದಲ್ಲಿ ಮಾಡಿದರೆ ಮೊದಲು ಕಬ್ಬಿಣದ ಆಕ್ಸಲೇಟ್ ಕೂತು ಆ ಕರಗುವಿಕೆಗೆ ತಡೆ ಹಾಕುತ್ತದೆ.

ಸಿಇಡಿ ಪದರ ಒಮ್ಮೆ ಹರಿದರೆ ಮತ್ತೆ ಬೆಳೆಯದು. ಸ್ಪೀಕರ್, ಲೈಟು ಕೂರಿಸಲು ತೂತು ಕೊರೆದರೆ, ವೆಲ್ಡಿಂಗ್ ಮಾಡಿದರೆ ಅಲ್ಲಿ ಕಬ್ಬಿಣ ಬೆತ್ತಲೆ. ಟ್ರ್ಯಾಕ್ಟರ್ ಸಿಂಗರಿಸುವವರು ತೂತಿನ ಅಂಚಿಗೂ, ವೆಲ್ಡಿಂಗ್ ಕಲೆಯ ಒಳಮೈಗೂ ಅವತ್ತೇ ಪ್ರೈಮರ್ ಹಚ್ಚಿಸುವುದು ಲೇಸು.